ಕೂತು ಯೋಚಿಸಲು ಪುರುಸೊತ್ತೆಲ್ಲಿ?

ವಾರದ ಓಡಾಟದ ನಡುವೆ ನಿಮ್ಮ ಕೆಲಸದ ಬಗ್ಗೆಯೇ ಕೂತು ಯೋಚಿಸಲು ಸಮಯ ಸಿಗುತ್ತದೆಯೇ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು 'ಇಲ್ಲ' ಎಂದೇ ಶುರುವಾಗಿವೆ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಶನಿವಾರ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಕೂರುತ್ತೇನೆ. ಹತ್ತು ನಿಮಿಷ ಆಗುವಷ್ಟರಲ್ಲಿ ಸಾಲದ ಕಂತು, ಮಗಳ ಕಾಲೇಜು ಫೀಸು, ಬಾಸ್ ಅಂದ ಮಾತು ಇವೇ ಸುತ್ತತೊಡಗುತ್ತವೆ. ಎದ್ದಾಗ ತಲೆ ಮೊದಲಿಗಿಂತ ಭಾರ. ಯೋಚಿಸುವುದನ್ನೂ ಕಲಿಯಬೇಕೇ?
— ಕಾರ್ಖಾನೆಯೊಂದರ ಸ್ಟೋರ್ಸ್ ಮ್ಯಾನೇಜರ್, ಭೋಸರಿ, ಪುಣೆ

ಕಲಿಯಬೇಕು. ತೊಡಕು ನಮ್ಮ ಮಾತಿನಲ್ಲೇ ಇದೆ. ಸಮಾಧಾನ ಹೇಳುವಾಗ 'ಯೋಚನೆ ಮಾಡಬೇಡಿ' ಅನ್ನುತ್ತೇವೆ, ಬುದ್ಧಿ ಹೇಳುವಾಗ 'ಸ್ವಲ್ಪ ಯೋಚನೆ ಮಾಡಿ' ಅನ್ನುತ್ತೇವೆ. ಮೊದಲನೆಯದು ಚಿಂತೆ, ಎರಡನೆಯದು ವಿಚಾರ. ನೀವು ವಿಚಾರಕ್ಕೆಂದು ಕೂತು ಚಿಂತೆಯಲ್ಲಿ ಮುಳುಗುತ್ತಿದ್ದೀರಿ, ಯಾಕೆಂದರೆ ಕೂರುವಾಗ ಕೈಯಲ್ಲಿ ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದ ತಲೆಗೆ ಹೆಚ್ಚು ಗಲಾಟೆ ಮಾಡುವ ವಿಷಯವೇ ಮೊದಲು ನುಗ್ಗುತ್ತದೆ.

ಪ್ರಶ್ನೆಯನ್ನು ಹಿಂದಿನ ದಿನವೇ ಬರೆದಿಡಿ, ಅದೂ ಪೂರ್ತಿ ವಾಕ್ಯದಲ್ಲಿ. 'ಸ್ಟೋರ್ಸ್ ಸುಧಾರಣೆ' ಎಂಬುದು ಪ್ರಶ್ನೆಯಲ್ಲ, ಬರೀ ತಲೆಬರಹ. 'ಈ ತಿಂಗಳು ಮೂರು ಸಲ ಬೇರಿಂಗ್ ಖಾಲಿಯಾಯಿತು. ಕನಿಷ್ಠ ದಾಸ್ತಾನನ್ನೇ ಹೆಚ್ಚಿಸಬೇಕೇ, ಇಲ್ಲ ತಡ ಮಾಡುವ ಸಪ್ಲೈಯರನ್ನು ಬಿಡಬೇಕೇ?' ಎಂಬುದು ಪ್ರಶ್ನೆ. ಅದರ ಕೊನೆಯಲ್ಲಿ ಒಂದು ತೀರ್ಮಾನ ಕಾಯುತ್ತಿರಬೇಕು. ಒಂದು ಕೂರಿಕೆಗೆ ಒಂದೇ ಪ್ರಶ್ನೆ.

ಗಂಟೆಯನ್ನು ಹೀಗೆ ಹಂಚಿ. ಮೊದಲ 10 ನಿಮಿಷ ತಲೆಯಲ್ಲಿ ಸುತ್ತುವುದನ್ನೆಲ್ಲ ಕಾಗದಕ್ಕಿಳಿಸಿ, ಪ್ರತಿಯೊಂದರ ಮುಂದೆ ಮುಂದಿನ ಹೆಜ್ಜೆ, ದಿನ, ಹೊತ್ತು ಬರೆಯಿರಿ. 'ಫೀಸು' ಎಂದಷ್ಟೇ ಬರೆದರೆ ಅದು ಸುತ್ತುವುದು ನಿಲ್ಲುವುದಿಲ್ಲ. 'ಮಂಗಳವಾರ ಊಟದ ಬಿಡುವಿನಲ್ಲಿ ಬ್ಯಾಂಕಿಗೆ ಫೋನು, ಶಿಕ್ಷಣ ಸಾಲಕ್ಕೆ ಏನೇನು ಕಾಗದಪತ್ರ ಬೇಕೆಂದು ಕೇಳುವುದು' ಎಂದು ಬರೆದರೆ ನಿಲ್ಲುತ್ತದೆ. ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದೇ: ಅರ್ಧಕ್ಕೆ ನಿಂತ ಕೆಲಸ ಕಾಡದಿರಲು ಅದನ್ನು ಮುಗಿಸಲೇಬೇಕೆಂದಿಲ್ಲ, ಹೇಗೆ ಯಾವಾಗ ಮಾಡುವುದೆಂದು ಖಚಿತವಾಗಿ ಗೊತ್ತುಮಾಡಿದರೂ ಸಾಕು.

ಮುಂದಿನ 35 ನಿಮಿಷ ಪ್ರಶ್ನೆಗೆ. ಹಾಳೆಯನ್ನು ಮೂರು ಭಾಗ ಮಾಡಿ: ಗೊತ್ತಿರುವುದು, ಊಹಿಸಿರುವುದು, ಯಾರನ್ನು ಕೇಳಬೇಕು ಎಂಬುದು. ಮೊದಲ ಸಲ ಬರೆಯುವವರಲ್ಲಿ ಬಹುಪಾಲು ಜನರಿಗೆ ನಡುವಿನ ಭಾಗವೇ ಉದ್ದ ಬರುತ್ತದೆ. 'ಸಪ್ಲೈಯರ್ ತಡ ಮಾಡುತ್ತಾನೆ' ಎಂದು ಗೊತ್ತಿರುವ ಕಡೆ ಬರೆದಿರುತ್ತೀರಿ. ಮೂರೂ ಸಲದ ಆರ್ಡರ್ ತಾರೀಕು ತೆಗೆದು ನೋಡಿದರೆ ಎರಡು ಸಲ ಆರ್ಡರ್ ಹೋದದ್ದೇ ತಡವಾಗಿ ಎಂದು ತಿಳಿಯಬಹುದು. ಆಮೇಲಿನ 10 ನಿಮಿಷ ಒಂದು ಉಲ್ಟಾ ಕೆಲಸ. ಮೂರು ತಿಂಗಳು ಕಳೆದಿದೆ, ಈ ತೀರ್ಮಾನ ಪೂರ್ತಿ ಕೆಟ್ಟಿದೆ ಎಂದುಕೊಂಡು ಯಾಕೆ ಕೆಟ್ಟಿತೆಂದು ಬರೆಯಿರಿ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಬಳಕೆಗೆ ತಂದ ಕ್ರಮ ಇದು. 'ಕೆಡಬಹುದೇ?' ಎಂದು ಕೇಳಿಕೊಂಡರೆ ಮನಸ್ಸು 'ಇಲ್ಲ ಬಿಡು' ಅನ್ನುತ್ತದೆ. 'ಕೆಟ್ಟಾಯಿತು' ಎಂದುಕೊಂಡರೆ ಕಾರಣ ಹುಡುಕುತ್ತದೆ. ಕೊನೆಯ 5 ನಿಮಿಷದಲ್ಲಿ ಒಂದೇ ಸಾಲು: ಸೋಮವಾರ ಏನು ಮಾಡುತ್ತೇನೆ.

ವಿಚಾರ ಎಲ್ಲಿ ಚಿಂತೆಗೆ ತಿರುಗಿತು ಎಂದು ಹಾಳೆಯೇ ತೋರಿಸುತ್ತದೆ. ಒಂದೇ ಮಾತು ಬೇರೆ ಬೇರೆ ಪದಗಳಲ್ಲಿ ಮೂರನೇ ಸಲ ಬಂತೆಂದರೆ ಪೆನ್ನು ಕೆಳಗಿಡಿ. ಅಲ್ಲಿಂದ ಮುಂದೆ ಬೇಕಿರುವುದು ಯೋಚನೆಯಲ್ಲ, ಯಾರನ್ನಾದರೂ ಕೇಳಿ ತರಬೇಕಾದ ಮಾಹಿತಿ. ಇನ್ನೊಂದು ಮಾತು: ಶನಿವಾರ ಸಂಜೆ ಬೇಡ. ವಾರವಿಡೀ ದುಡಿದ ತಲೆಗೆ ಕಷ್ಟದ ಪ್ರಶ್ನೆ ಕೊಟ್ಟರೆ ಅದು ಸುಲಭದ ಚಿಂತೆಯನ್ನೇ ಆರಿಸಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ, ಪೇಪರು ಬಿಡಿಸುವ ಮೊದಲು ಕೂತು ನೋಡಿ. ಚಿಂತೆಯಿಂದ ವಾರಗಟ್ಟಲೆ ನಿದ್ದೆಯೇ ಬರದಿದ್ದರೆ ಮಾತ್ರ ನೋಟ್‌ಬುಕ್ಕು ಸಾಲದು, ಡಾಕ್ಟರರನ್ನು ಕಾಣಬೇಕು.

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಹೋಗುತ್ತದೆ. ಆ ಹೊತ್ತನ್ನೇ ಯೋಚನೆಗೆ ಇಟ್ಟುಕೊಳ್ಳಬಹುದಲ್ಲ?
— ಬ್ಯಾಂಕ್ ಅಧಿಕಾರಿ

ಅರ್ಧ ಮಾತ್ರ. ನಿಂತು ಹೋಗುವ ಫಾಸ್ಟ್ ಲೋಕಲ್ಲಿನಲ್ಲಿ ಕೈ ಆಡಿಸಲು ಜಾಗವಿಲ್ಲ, ಬರೆಯಲಾಗದು. ಬರೆಯದ ಯೋಚನೆ ಠಾಣೆ ದಾಟುವಷ್ಟರಲ್ಲಿ ದಿಕ್ಕು ತಪ್ಪುತ್ತದೆ. ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳೋಣವೆಂದರೆ ಗದ್ದಲ. ಬ್ಯಾಂಕಿನ ವಿಷಯವನ್ನು ಹತ್ತು ಜನರ ಕಿವಿಗೆ ಬೀಳುವಂತೆ ಆಡುವುದೂ ಸರಿಯಲ್ಲ. ಆದರೆ ಮೆಲುಕು ಹಾಕುವುದಕ್ಕೆ ಲೋಕಲ್ ಒಳ್ಳೆಯ ಜಾಗ. ಮನೆ ಬಿಡುವ ಮೊದಲು ಪ್ರಶ್ನೆಯನ್ನು ಒಮ್ಮೆ ಓದಿಕೊಳ್ಳಿ, ಬೋಗಿಯಲ್ಲಿ ಉತ್ತರಕ್ಕೆ ಒದ್ದಾಡಬೇಡಿ, ಕಿಟಕಿಯಾಚೆ ನೋಡುತ್ತಿರಿ. ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಗುಂಪಿನ ಜೊತೆ ಹೊರಗೆ ಓಡದೆ ಪ್ಲಾಟ್‌ಫಾರ್ಮಿನ ಬದಿಗೆ ನಿಂತು ಮೂರು ಸಾಲು ಬರೆಯಿರಿ. ಈ ಮೂರು ನಿಮಿಷ ತಪ್ಪಿದರೆ ಬಂದದ್ದೆಲ್ಲ ಆಫೀಸಿನ ಮೊದಲ ಫೋನಿಗೇ ಹೋಯಿತು.

ವಾರಕ್ಕೊಂದು ದಿನ ಮಾತ್ರ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಹಿಡಿಯಿರಿ. ಸುಮಾರು 20 ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಡೊಂಬಿವಲಿಯಿಂದಲೇ ಹೊರಡುವ ಗಾಡಿಯಾದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಗಟ್ಟಿ ರಟ್ಟಿನ ಚಿಕ್ಕ ನೋಟ್‌ಬುಕ್ಕು ಇಟ್ಟರೆ ಬರೆಯಬಹುದು. ಕೆಲವರು ಇದಕ್ಕೆಂದು ಕಲ್ಯಾಣದವರೆಗೆ ಹಿಂದಕ್ಕೆ ಹೋಗಿ ಸೀಟು ಹಿಡಿದು ಬರುತ್ತಾರೆ. ವಾರಕ್ಕೊಮ್ಮೆ ಆದೀತು, ದಿನವೂ ಮಾಡಿದರೆ ಯೋಚನೆಗಿಂತ ಆಯಾಸವೇ ಹೆಚ್ಚು. ಸಂಜೆಯ ಗಾಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಆ ಹೊತ್ತಿಗೆ ಭಜನೆ ಕೇಳಿ, ನಿದ್ದೆ ಮಾಡಿ, ನಿಮ್ಮಿಷ್ಟ.

ಬೆಳಿಗ್ಗೆ 5ರಿಂದ ರಾತ್ರಿ 11ರ ತನಕ ಹೋಟೆಲಿನಲ್ಲೇ ಇರುತ್ತೇನೆ. ಐದು ನಿಮಿಷ ಸುಮ್ಮನೆ ಕೂತರೆ ಯಾರಾದರೂ 'ಅಣ್ಣಾ' ಎಂದು ಕರೆಯುತ್ತಾರೆ. ನನ್ನಂಥವರಿಗೆ ಇದೆಲ್ಲ ಸಾಧ್ಯವೇ?
— ಹೋಟೆಲ್ ಮಾಲೀಕರು, ಮಾಟುಂಗಾ

ಗಲ್ಲಾದ ಮೇಲೆ ಕೂತು ಸಾಧ್ಯವಿಲ್ಲ. ಗಲ್ಲಾ ಇರುವುದೇ ಕರೆಸಿಕೊಳ್ಳುವುದಕ್ಕೆ. ಹಾಗೆಂದು ಇವತ್ತೇ ಎದ್ದು ಹೊರಗೆ ಹೋದರೆ ಫೋನು ಬೆನ್ನು ಹತ್ತುತ್ತದೆ. ಮೊದಲು ಮೂರು ದಿನ ಒಂದು ಲೆಕ್ಕ ಇಡಿ: ಯಾರು ಕರೆದರೂ ಬಿಲ್ಲಿನ ಪ್ಯಾಡಿನ ಹಿಂದೆ ಹೊತ್ತು ಮತ್ತು ಕಾರಣ ಬರೆದುಕೊಳ್ಳಿ. ತರಕಾರಿಯವನಿಗೆ, ಹಾಲಿನವನಿಗೆ ದುಡ್ಡು, ಗಿರಾಕಿಯ ತಕರಾರು, ಏನೋ ಖಾಲಿಯಾದದ್ದು, ಹುಡುಗರ ರಜೆ, ಜಗಳ. ಕರೆಗಳೆಲ್ಲ ಹೆಚ್ಚುಕಡಿಮೆ ಈ ನಾಲ್ಕು ಗುಂಪಿಗೇ ಬಂದು ನಿಲ್ಲುತ್ತವೆ.

ಮೊದಲ ಮೂರನ್ನು ನಿಮ್ಮ ತಲೆಯಿಂದ ಇಳಿಸಬಹುದು. ಮ್ಯಾನೇಜರ್ ಕೈಗೆ ದಿನಕ್ಕೆ 3000 ರೂಪಾಯಿ ಚಿಲ್ಲರೆ ಖರ್ಚಿಗೆ ಕೊಡಿ, ಕೊಟ್ಟದ್ದಕ್ಕೆಲ್ಲ ಚೀಟಿ ಇರಲಿ. ಗಿರಾಕಿ ಬೇಸರಪಟ್ಟರೆ ತಟ್ಟೆ ಬದಲಿಸಲು, 300 ರೂಪಾಯಿವರೆಗೆ ಬಿಲ್ಲಿನಿಂದ ತೆಗೆಯಲು ನಿಮ್ಮನ್ನು ಕೇಳಬೇಕಿಲ್ಲ ಎಂದು ಹೇಳಿ. (ಮೊತ್ತ ನಿಮ್ಮ ವ್ಯಾಪಾರಕ್ಕೆ ತಕ್ಕಂತೆ, ಆದರೆ ಒಂದು ಅಂಕಿ ಇರಲೇಬೇಕು. 'ನೀನೇ ನೋಡಿಕೋ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ, ಮತ್ತೆ ನಿಮ್ಮನ್ನೇ ಕೇಳುತ್ತಾರೆ.) ಬೇಕಾದ ಸಾಮಾನಿನ ಪಟ್ಟಿ ಬೆಳಿಗ್ಗೆ 11ರೊಳಗೆ ಬರೆಯುವ ಹೊಣೆಯನ್ನು ಅಡುಗೆಮನೆಯ ಒಬ್ಬರಿಗೆ ವಹಿಸಿ. ಗ್ಯಾಸು ಸೋರಿದರೆ, ಯಾರಿಗಾದರೂ ಪೆಟ್ಟಾದರೆ, ಸರ್ಕಾರಿ ಅಧಿಕಾರಿ ಬಂದರೆ ಈ ಮೂರಕ್ಕೆ ಮಾತ್ರ ಫೋನು ಎಂದು ಗಲ್ಲಾದ ಬಳಿ ಬರೆದು ಅಂಟಿಸಿ.

ಆಮೇಲೆ ಮಂಗಳವಾರ, ಗುರುವಾರ ಮಧ್ಯಾಹ್ನ 3.15ರಿಂದ 4.15. ಊಟದ ಗಿರಾಕಿ ಮುಗಿದಿರುತ್ತದೆ, ಸಂಜೆಯ ಚಹಾ ತಿಂಡಿ ಇನ್ನೂ ಶುರುವಾಗಿರುವುದಿಲ್ಲ. ಸೋಮವಾರ ಸಪ್ಲೈಯರುಗಳ ಬಾಕಿ ಕಾಡುತ್ತದೆ, ಶುಕ್ರವಾರದಿಂದ ಭಾನುವಾರ ಪ್ರಶ್ನೆಯೇ ಇಲ್ಲ. ಹೋಟೆಲಿನೊಳಗಿನ ಮೇಜು ಬೇಡ, ಫೈವ್ ಗಾರ್ಡನ್ಸ್ ಕಡೆಗೆ ನಡೆದು ಹೋಗಿ. ಮೊದಲ ಎರಡು ವಾರ ಮರಳಿ ಬಂದಾಗ ಏನಾದರೂ ಎಡವಟ್ಟು ಆಗಿಯೇ ಇರುತ್ತದೆ. ಅದನ್ನು ಸರಿಪಡಿಸುವ ಹಣವನ್ನು ಕಲಿಕೆಯ ಫೀಸು ಎಂದು ಬರೆದುಕೊಳ್ಳಿ. ಅಲ್ಲಿಗೇ ಹೆದರಿ ಹೊರಗೆ ಹೋಗುವುದನ್ನು ನಿಲ್ಲಿಸಿದವರೇ ಹೆಚ್ಚು.

ಯಾವ ಪ್ರಶ್ನೆ? ನಾವು ಮೆನುವಿನಿಂದ ಶುರುಮಾಡಿ ಅನ್ನುತ್ತೇವೆ. ಬಿಲ್ಲಿಂಗ್ ಮೆಷಿನ್ನಿನಿಂದ ಕಳೆದ ತಿಂಗಳು ಯಾವ ಐಟಂ ಎಷ್ಟು ಹೋಯಿತೆಂಬ ಪಟ್ಟಿ ತೆಗೆಸಿ. ದಿನಕ್ಕೆ ಮೂರಕ್ಕಿಂತ ಕಡಿಮೆ ಹೋಗುವವಕ್ಕೆ ಗುರುತು ಹಾಕಿ. ಅವುಗಳಲ್ಲಿ ಯಾವುದಕ್ಕೆ ಬೇರೆಯೇ ಗ್ರೇವಿ, ಬೇರೆ ಹೆಚ್ಚುವಿಕೆ, ಫ್ರಿಜ್ಜಿನಲ್ಲಿ ಬೇರೆ ಡಬ್ಬ ಬೇಕು ಎಂದು ನೋಡಿ. ಎರಡು ಪ್ಲೇಟಿಗಾಗಿ ಬೆಳಿಗ್ಗೆ ಒಬ್ಬನ ಅರ್ಧ ಗಂಟೆ ಹೋಗುತ್ತಿದ್ದರೆ ಆ ಐಟಂ ನಿಮಗೆ ಲಾಭ ತರುತ್ತಿಲ್ಲ, ಹಳೆಯ ಗಿರಾಕಿಯೊಬ್ಬರ ಮುಲಾಜಿಗೆ ಉಳಿದಿದೆ. ತೆಗೆಯುವುದೋ ಬಿಡುವುದೋ ನಿಮ್ಮ ತೀರ್ಮಾನ, ಗೊತ್ತಿದ್ದು ಮಾಡಿ. 19 ಕಿಲೋ ಸಿಲಿಂಡರ್ ಬಳಸುವವರಾದರೆ ಅದರ ಬೆಲೆ ಸಾಮಾನ್ಯವಾಗಿ ತಿಂಗಳ 1ಕ್ಕೆ ಬದಲಾಗುತ್ತದೆ; ಮೊದಲ ಮಂಗಳವಾರದ ಪ್ರಶ್ನೆಯಾಗಿ 'ನೂರು ಬಿಲ್ಲಿಗೆ ಎಷ್ಟು ಗ್ಯಾಸು?' ಎಂಬುದನ್ನು ಖಾಯಂ ಮಾಡಿಕೊಳ್ಳಬಹುದು.

ಕ್ಯಾಲೆಂಡರಿನಲ್ಲಿ ದಿನಾ ಅರ್ಧ ಗಂಟೆ ಬ್ಲಾಕ್ ಮಾಡುತ್ತೇನೆ. ಅದರ ಮೇಲೆಯೇ ಮೀಟಿಂಗ್ ಇಡುತ್ತಾರೆ. ಸಂಜೆ ಅಮೆರಿಕದ ಕಾಲ್‌ಗಳು ಬೇರೆ.
— ಸಾಫ್ಟ್‌ವೇರ್ ಟೀಮ್ ಲೀಡ್, ಹಿಂಜವಡಿ

ಐದು ಅರ್ಧ ಗಂಟೆಗಿಂತ ಒಂದೂವರೆ ಗಂಟೆಯ ಎರಡು ಕೂರಿಕೆ ಲೇಸು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಹಿಂದಿನದರ ಎಳೆ ತಲೆಯಲ್ಲೇ ಉಳಿದು ಮುಂದಿನದನ್ನು ಹಾಳುಮಾಡುತ್ತದೆ ಎಂದು ಸೋಫಿ ಲೆರಾಯ್ 2009ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಹಿಂದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಕಾಟ ಇನ್ನೂ ಹೆಚ್ಚು. ಅರ್ಧ ಗಂಟೆಯಲ್ಲಿ ಹಿಂದಿನ ಮೀಟಿಂಗ್ ಮರೆಯಲು ಹತ್ತು ನಿಮಿಷ, ಮುಂದಿನದಕ್ಕೆ ಗಡಿಯಾರ ನೋಡಲು ಐದು ಹೋದರೆ ಉಳಿಯುವುದೆಷ್ಟು?

ಇನ್ನು ಯಾವ ಹೊತ್ತು. ಅಮೆರಿಕದ ಪೂರ್ವ ಕರಾವಳಿ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಅವರ ಬೆಳಗಿನ 9 ಗಂಟೆ ನಮಗೆ ಸಂಜೆ 6.30 ಅಥವಾ 7.30. ಬ್ರಿಟನ್ನಿನ 9 ಗಂಟೆ ನಮಗೆ ಮಧ್ಯಾಹ್ನ 1.30 ಅಥವಾ 2.30. ಅಂದರೆ ಊಟಕ್ಕೆ ಮೊದಲಿನ ಹೊತ್ತನ್ನು ಕಬಳಿಸುವವರು ಪರದೇಶದವರಲ್ಲ, ಪಕ್ಕದ ಟೀಮಿನವರೇ, ಮುಖ್ಯವಾಗಿ 10 ಗಂಟೆಯ ಸ್ಟ್ಯಾಂಡಪ್, ಅಂದರೆ ಟೀಮಿನ ದಿನದ ಚುಟುಕು ಮೀಟಿಂಗ್. ಅದನ್ನು 9.30ಕ್ಕೆ ಹಿಂದೂಡಿ, ಇಲ್ಲವೇ 11.45ಕ್ಕೆ ಮುಂದೂಡಿ, ಮಂಗಳವಾರ, ಗುರುವಾರ 10ರಿಂದ 11.30 ಖಾಲಿಯಾಗುತ್ತದೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ಅವರು ಇಟ್ಟ ಮೀಟಿಂಗ್‌ಗಳು ಆ ವಾರ ನಿಮ್ಮ ಕ್ಯಾಲೆಂಡರಿನಲ್ಲಿ ಒಂದು ಗಂಟೆ ಜರುಗುತ್ತವೆ, ನಿಮ್ಮ ಬ್ಲಾಕು ಜರುಗುವುದಿಲ್ಲ. ಸಂಜೆಗೆ ಬ್ಲಾಕ್ ಇಟ್ಟವರು ವರ್ಷಕ್ಕೆರಡು ಸಲ ಇಲ್ಲೇ ಕಳೆದುಕೊಳ್ಳುವುದು.

ಬ್ಲಾಕಿಗೆ ಹೆಸರಿಡುವುದರಲ್ಲೂ ಇದೆ ವಿಷಯ. 'ಬ್ಯುಸಿ' ಎಂದಷ್ಟೇ ಕಂಡರೆ ಮೇಲೆ ಮೀಟಿಂಗ್ ಬಂದು ಕೂರುತ್ತದೆ. 'ಪೇಮೆಂಟ್ ಮಾಡ್ಯೂಲ್ ಒಡೆಯುವ ಬಗ್ಗೆ ಟಿಪ್ಪಣಿ, ಶುಕ್ರವಾರಕ್ಕೆ' ಎಂದಿದ್ದರೆ ಜನ ಕೇಳಿ ಇಡುತ್ತಾರೆ. ಶುಕ್ರವಾರ ಆ ಒಂದು ಪುಟದ ಟಿಪ್ಪಣಿಯನ್ನು ಮ್ಯಾನೇಜರಿಗೆ ಕಳಿಸಿ. ಎರಡು ಮೂರು ವಾರ ಪುಟ ಕೈಗೆ ಬಂದರೆ ನಿಮ್ಮ ಹೊತ್ತನ್ನು ಕಾಯುವ ಕೆಲಸ ಅವರೇ ಮಾಡುತ್ತಾರೆ. ಗೂಗಲ್ ಕ್ಯಾಲೆಂಡರಿನ ಆಫೀಸ್ ಖಾತೆಗಳಲ್ಲಿ ಫೋಕಸ್ ಟೈಮ್ ಎಂಬ ಆಯ್ಕೆಯಿದ್ದು, ಆ ಹೊತ್ತಿಗೆ ಬಂದ ಆಹ್ವಾನಗಳನ್ನು ತಾನೇ ನಿರಾಕರಿಸುವಂತೆ ಮಾಡಬಹುದು. ಮೊದಲು ಟೀಮಿಗೆ ಬಾಯಲ್ಲಿ ಹೇಳಿ, ಆಮೇಲೆ ಅದನ್ನು ಹಚ್ಚಿ. ಇಲ್ಲದಿದ್ದರೆ ಸೊಕ್ಕು ಎಂದುಕೊಳ್ಳುತ್ತಾರೆ. ತುರ್ತು ಬಂದರೆ ಬ್ಲಾಕನ್ನು ಅಳಿಸದೆ ಅದೇ ವಾರದ ಬೇರೆ ದಿನಕ್ಕೆ ಎಳೆಯಿರಿ. ಎರಡು ಸಲ ಎಳೆದದ್ದನ್ನು ಮೂರನೇ ಸಲ ಎಳೆಯಬೇಡಿ.

ಒನ್ ರೂಮ್ ಕಿಚನ್ ಮನೆ, ಐದು ಜನ. ಮನೆಯಿಂದಲೇ ತಿಂಡಿಯ ಆರ್ಡರ್ ಮಾಡಿಕೊಡುತ್ತೇನೆ. ನಾನು ಸುಮ್ಮನೆ ಕೂತರೆ 'ಕೆಲಸ ಇಲ್ಲ' ಅಂತಲೇ ಲೆಕ್ಕ. ದೀಪಾವಳಿಗೆ ಎಷ್ಟು ಆರ್ಡರ್ ಒಪ್ಪಿಕೊಳ್ಳಬೇಕು ಎಂದು ಯೋಚಿಸಲೂ ಜಾಗವಿಲ್ಲ.
— ಗೃಹಿಣಿ, ಠಾಣೆ

ಹೊರಗೆ ಹೋಗಿ. ತಲಾವ್ ಪಾಳಿ ಕೆರೆಯ ಸುತ್ತ ಬೆಳಿಗ್ಗೆ ಅರ್ಧ ಗಂಟೆ ನಡೆಯುವುದನ್ನು ಯಾರೂ ಸೋಮಾರಿತನ ಅನ್ನುವುದಿಲ್ಲ, ಆರೋಗ್ಯ ಅನ್ನುತ್ತಾರೆ. ನಡಿಗೆ ಬರೀ ನೆವವಲ್ಲ. ಸ್ಟಾನ್‌ಫರ್ಡಿನ ಒಪೆಜ್ಜೊ ಮತ್ತು ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೂತವರಿಗಿಂತ ನಡೆಯುತ್ತಿದ್ದವರಿಗೆ ಹೊಸ ಉಪಾಯಗಳು ಹೆಚ್ಚು ಹೊಳೆದವು. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗೆ ನಡಿಗೆಯಿಂದ ಆ ಲಾಭ ಕಾಣಲಿಲ್ಲ. ಹಾಗಾಗಿ 'ಈ ಸಲ ಹೊಸದಾಗಿ ಏನು ಮಾಡಲಿ?' ಎಂಬುದನ್ನು ನಡೆಯುತ್ತಾ, 'ಎಷ್ಟು ಕಿಲೋ ಒಪ್ಪಲಿ?' ಎಂಬುದನ್ನು ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡುತ್ತಾ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಕಟ್ಟಡದ ಸ್ಟಿಲ್ಟ್ ಪಾರ್ಕಿಂಗೇ ಗತಿ. ಮನೆಯಲ್ಲೇ ಕೂರಬೇಕಾದರೆ ಕೈಯಲ್ಲಿ ಪೆನ್ನು, ಮುಂದೆ ಲೆಕ್ಕದ ಪುಸ್ತಕ ಇರಲಿ. ಬರೆಯುವವರನ್ನು ಕರೆಯಲು ಜನ ಸ್ವಲ್ಪವಾದರೂ ಹಿಂಜರಿಯುತ್ತಾರೆ.

ಆರ್ಡರಿನ ಲೆಕ್ಕವನ್ನು ಅಂದಾಜಿನಲ್ಲಿ ಮಾಡಬೇಡಿ. ಒಂದು ಕಿಲೋ ಚಕ್ಕುಲಿಗೆ ಹಿಟ್ಟು ಕಲಸುವುದರಿಂದ ಡಬ್ಬಿಯ ಮುಚ್ಚಳ ಹಾಕುವವರೆಗೆ ಎಷ್ಟು ನಿಮಿಷ ಎಂದು ಗಡಿಯಾರ ಇಟ್ಟು ಎರಡು ಸಲ ನೋಡಿ. 50 ನಿಮಿಷ ಬಂತೆನ್ನಿ. ಒಲೆ ನಿಮ್ಮ ಕೈಗೆ ದಿನಕ್ಕೆ 5 ಗಂಟೆ ಸಿಕ್ಕರೆ 300 ನಿಮಿಷ, ಅಂದರೆ 6 ಕಿಲೋ. ಆದರೆ ಐದನೇ ಕಿಲೋ ಹೊತ್ತಿಗೆ ತೋಳು ಸೋಲುತ್ತದೆ, ಎಣ್ಣೆ ಬದಲಿಸಬೇಕಾಗುತ್ತದೆ. 5 ಕಿಲೋ ಎಂದು ಹಿಡಿಯಿರಿ. ಹತ್ತು ದಿನಕ್ಕೆ 50 ಕಿಲೋ. ಅದರಲ್ಲಿ 40 ಮಾತ್ರ ಒಪ್ಪಿಕೊಳ್ಳಿ. ಉಳಿದ ಹತ್ತು, ಗ್ಯಾಸು ಮುಗಿಯುವ ದಿನಕ್ಕೆ ಮತ್ತು ಹೇಳದೆ ಬರುವ ನೆಂಟರಿಗೆ.

ಮಧ್ಯಾಹ್ನ 1ರಿಂದ 3.30 ಅಂಗಡಿ ಮುಚ್ಚಿರುತ್ತೇವೆ. ಆಗ ಕೂತರೆ ತೂಕಡಿಕೆ.
— ಹಾರ್ಡ್‌ವೇರ್ ಅಂಗಡಿಯವರು, ಮಡಗಾಂವ್

ತೂಕಡಿಕೆ ಮೀನು ಸಾರಿನದಷ್ಟೇ ಅಲ್ಲ. ಮಧ್ಯಾಹ್ನ ಮಂಪರು ಕವಿಯುವುದು ದೇಹದ ಗಡಿಯಾರದಲ್ಲೇ ಇದೆ. ಅದರ ಜೊತೆ ಗುದ್ದಾಡದೆ, ಊಟವಾದ ಮೇಲೆ ಒಂದು ಲೋಟ ಕಾಫಿ ಕುಡಿದು 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಕಾಫಿ ಹತ್ತಲು ಸುಮಾರು ಅಷ್ಟೇ ಹೊತ್ತು ಬೇಕು. ಅರ್ಧ ಗಂಟೆ ಮೀರಿ ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೂ ಮಂಕು. ಮುಖ ತೊಳೆದು 2.15ರಿಂದ 3.15, ಷಟರ್ ಕೆಳಗೇ ಇರಲಿ. ಇಂಥ ಬಿಡುವು ಮುಂಬೈಯವರಿಗೆ ಕನಸಿನಲ್ಲೂ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ.

ಮೊಬೈಲಿನಲ್ಲೇ ಬರೆದುಕೊಂಡರೆ ಆಗದೇ?
— ಮೂವರು ಓದುಗರು

ಆಗುತ್ತದೆ, ಬರೆದಾದ ಮೇಲೆ ಫೋಟೊ ತೆಗೆದಿಡಲು. ಬರೆಯುವಾಗ ಅದೇ ತೆರೆಯ ಮೇಲೆ ವಾಟ್ಸ್ಯಾಪ್ ಸಂದೇಶ ಇಣುಕುತ್ತದೆ. ನೋಟ್‌ಬುಕ್ಕು, ಪೆನ್ನು ಸಾಕು; ಮೊಬೈಲು ಇನ್ನೊಂದು ಕೋಣೆಯಲ್ಲೋ ಬ್ಯಾಗಿನ ತಳದಲ್ಲೋ ಇರಲಿ.

ತೆರಿಗೆ ಸಲಹೆಗಾರರ ಕಚೇರಿಯ ಕೆಲಸ. 'ಪ್ರತಿ ವಾರ ಇದೇ ದಿನ' ಎಂದು ನಮ್ಮಲ್ಲಿ ನಡೆಯುವುದಿಲ್ಲ. ಪ್ರತಿ ತಿಂಗಳೂ ಮುರಿದುಬೀಳುತ್ತದೆ.
— ಅಕೌಂಟೆಂಟ್, ಅಂಧೇರಿ

ನಿಮಗೆ ವಾರ ಲೆಕ್ಕವಲ್ಲ, ತಾರೀಕು ಲೆಕ್ಕ. 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ವಿವರದ ಜಿಎಸ್‌ಟಿಆರ್-1, 14ಕ್ಕೆ ಖರೀದಿಯ ತೆರಿಗೆ ಜಮೆ ತೋರಿಸುವ 2ಬಿ ಬಂದ ಮೇಲೆ ತಾಳೆ ನೋಡುವುದು, 20ಕ್ಕೆ ತಿಂಗಳ ತೆರಿಗೆ ಕಟ್ಟುವ 3ಬಿ. ಇದರ ನಡುವೆ ನೆಮ್ಮದಿಯ ಸಂದು ಎರಡೇ: 12–13, ಮತ್ತು 21ರ ನಂತರ. ಮೊದಲನೆಯದರಲ್ಲಿ ಒಂದು ಗಂಟೆ, ಎರಡನೆಯದರಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ಭಾನುವಾರ ಬಿದ್ದರೆ ಮರುದಿನ. ತಿಂಗಳ ಎರಡು ಗಂಟೆಗೆ ಪ್ರಶ್ನೆ ಹುಡುಕುವುದೂ ಬೇಕಿಲ್ಲ. 3ಬಿ ತುಂಬುವ ದಿನಗಳಲ್ಲಿ ಯಾವ ಕ್ಲೈಂಟಿನ ಬಿಲ್ಲುಗಳು ತಡವಾಗಿ ಬಂದವು, ಯಾರ ಲೆಕ್ಕ ಎರಡೆರಡು ಸಲ ಮಾಡಬೇಕಾಯಿತು ಎಂದು ಮೇಜಿನ ಮೇಲಿನ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಹೆಚ್ಚು ಗೀಟು ಯಾರ ಹೆಸರಿನ ಮುಂದಿದೆಯೋ ಅವರೇ 22ರ ಪ್ರಶ್ನೆ: ಬಿಲ್ಲು ಕೊಡುವ ಗಡುವನ್ನು 5ಕ್ಕೆ ಎಳೆಯಬೇಕೇ, ಫೀಸು ಏರಿಸಬೇಕೇ, ಬಿಟ್ಟುಬಿಡಬೇಕೇ?

ವರ್ಷದ ಲೆಕ್ಕ ಮುಗಿಸುವ ಮಾರ್ಚಿನಲ್ಲಿ ಕೂರುವ ಪ್ರಯತ್ನವೇ ಬೇಡ. ಹಾಳೆ ಮಾತ್ರ ಮೇಜಿನ ಮೇಲೆ ಇರಲಿ. ಏಪ್ರಿಲ್ 20 ದಾಟಿದ ಮೇಲೆ ತೆಗೆದು ನೋಡಿ, ಮಾರ್ಚ್ ಟಿಡಿಎಸ್‌ಗೆ 30ರ ತನಕ ಸಮಯವಿರುತ್ತದೆ.